ನರಕದಲ್ಲಿ ಬೆಂಕಿಗಿಂತ ಬಾಗಿಲು ಮುಖ್ಯ

ಮಾನ್ಯರೇ,

ಪಾಶ್ಚಾತ್ಯ ಸಾಹಿತ್ಯದ ನರಕ ಕಲ್ಪನೆ ಕುರಿತು ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದೇ ಸಂತೋಷ. ಆದರೆ ಇಟಲಿಯ ಕವಿ ಡಾಂಟೆಯ ಕಾವ್ಯ, ಇಂಗ್ಲಿಷ್ ನಾಟಕಕಾರ ಮಾರ್ಲೋನ ನಾಟಕ, ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್‌ನ ಉಪದೇಶ ಈ ಮೂರನ್ನೂ ಬೆಂಕಿ ತೋರಿಸಿ ಹೆದರಿಸುವ ಬರಹಗಳೆಂದು ಒಂದೇ ಕಂತೆ ಕಟ್ಟಿರುವುದನ್ನು ಒಪ್ಪಲಾಗದು. ನಿತ್ಯನರಕದ ಬರವಣಿಗೆಯಲ್ಲಿ ಕೇಳಬೇಕಾದದ್ದು ಬೆಂಕಿ ಎಷ್ಟಿದೆ ಎಂದಲ್ಲ, ಪಶ್ಚಾತ್ತಾಪದ ಬಾಗಿಲು ಯಾವಾಗ ಮುಚ್ಚುತ್ತದೆ ಎಂದು. ಕವಿಗೂ ಉಪದೇಶಕನಿಗೂ ದಾರಿ ಬೇರೆಯಾಗುವುದು ಅಲ್ಲೇ.

ಬೆಂಕಿಯ ಲೆಕ್ಕವನ್ನು ಮೊದಲು ಮುಗಿಸೋಣ. ಡಾಂಟೆ ತಾನೇ ಯಾತ್ರಿಕನಾಗಿ ನರಕ ಇಳಿಯುವ ಕಥೆ ಅವನ ಮಹಾಕಾವ್ಯದ ಮೊದಲ ಭಾಗ ‘ಇನ್‌ಫರ್ನೊ’ದಲ್ಲಿದೆ. ‘ಇನ್‌ಫರ್ನೊ’ದ 34 ಸರ್ಗಗಳಲ್ಲಿ ಹರಡಿರುವ ಒಂಬತ್ತು ವೃತ್ತಗಳನ್ನು ಕ್ರಮವಾಗಿ ಇಳಿದರೆ ಕಾಮಿಗಳಿಗೆ ಬಿರುಗಾಳಿ, ಹೊಟ್ಟೆಬಾಕರಿಗೆ ಕೊಳಕು ಮಳೆ, ಜಿಪುಣರಿಗೂ ದುಂದುಗಾರರಿಗೂ ಭಾರ ತಳ್ಳುವ ಕೆಲಸ, ಕೋಪಿಷ್ಠರಿಗೆ ಕೆಸರು. ಪಾಪಿಗಳನ್ನು ಸುಡುವ ಬೆಂಕಿ ಸಿಗುವುದು ಆರನೆಯ ವೃತ್ತದಲ್ಲಿ, ಮತದ್ರೋಹಿಗಳ ಗೋರಿಗಳಲ್ಲಿ. ಅಲ್ಲಿಂದ ಕೆಳಗೆ ಬೆಂಕಿಯ ಮಳೆ, ಕುದಿಯುವ ಡಾಂಬರು ಎಲ್ಲ ಇವೆ, ನಿಜ. ಆದರೆ ತಳದಲ್ಲಿ, ದ್ರೋಹಿಗಳ ಜಾಗದಲ್ಲಿ ಇರುವುದು ಹಿಮ. ಎದೆಮಟ್ಟ ಹೂತುಹೋದ ಸೈತಾನ ಲೂಸಿಫರ್ ತನ್ನ ಆರು ರೆಕ್ಕೆ ಬಡಿಯುತ್ತಲೇ ಇರುತ್ತಾನೆ, ಆ ಗಾಳಿಗೇ ಕೊಸೈಟಸ್ ಸರೋವರ ಹೆಪ್ಪುಗಟ್ಟಿದೆ. ಅವನ ಸೆರೆಮನೆಯನ್ನು ಅವನೇ ಗಟ್ಟಿಮಾಡಿಕೊಳ್ಳುತ್ತಿದ್ದಾನೆ.

ಡಾಂಟೆಯ ಶಿಕ್ಷೆಗಳನ್ನು ಮುಯ್ಯಿಗೆ ಮುಯ್ಯಿ ಎಂದು ಓದುವುದು ಸಾಮಾನ್ಯ ತಪ್ಪು. ‘ಕೊಂತ್ರಪಾಸ್ಸೊ’ (ಪಾಪಕ್ಕೆ ಹೊಂದುವ ಶಿಕ್ಷೆ) ಎಂಬ ಪ್ರಸಿದ್ಧ ಮಾತು ಇಡೀ ಕಾವ್ಯದಲ್ಲಿ ಬರುವುದು ಒಂದೇ ಸಲ, 28ನೇ ಸರ್ಗದಲ್ಲಿ. ಅದನ್ನು ಆಡುವವನು ಕಡಿದ ತನ್ನ ತಲೆಯನ್ನೇ ಲಾಟೀನಿನಂತೆ ಹಿಡಿದು ನಡೆಯುವ, ತಂದೆ-ಮಗನನ್ನು ಬೇರ್ಪಡಿಸಿದ ಬೆರ್ಟ್ರಾನ್ ದೆ ಬೋರ್ನ್. ಶಿಕ್ಷೆ ಹೊರಗಿನಿಂದ ಬಂದದ್ದಲ್ಲ. ಬದುಕಿದ್ದಾಗ ಮಾಡಿದ ಆಯ್ಕೆಯೇ ಅಲ್ಲಿ ಬಯಲಾಗಿ ನಿಂತಿದೆ. ಆದ್ದರಿಂದ ಒಬ್ಬೊಬ್ಬ ಪಾಪಿ ಎದುರಾದಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇವನು ಮಾಡಿದ್ದೇನು? ‘ನಾನು ಮಾಡಿದೆ’ ಎನ್ನುತ್ತಾನೆಯೇ? ಐದನೇ ಸರ್ಗದಲ್ಲಿ, ಗಂಡನ ಸಹೋದರನನ್ನು ಪ್ರೀತಿಸಿದ ಫ್ರಾಂಚೆಸ್ಕ ಪ್ರೇಮವನ್ನು ದೂರುತ್ತಾಳೆ, ಇಬ್ಬರೂ ಕೂತು ಓದುತ್ತಿದ್ದ ಪುಸ್ತಕವನ್ನು ದೂರುತ್ತಾಳೆ, ತನ್ನನ್ನು ಮಾತ್ರ ಬಿಡುತ್ತಾಳೆ. ಕಥೆ ಕೇಳಿದ ಯಾತ್ರಿಕ ಡಾಂಟೆ ಮೂರ್ಛೆ ಹೋಗುತ್ತಾನೆ. ಓದುಗರೂ ಜೊತೆಗೇ ಮೂರ್ಛೆ ಹೋಗುವುದರಿಂದ ಆ ಜಾಣ ಮಾತಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಬಾಗಿಲಿನ ವಿಚಾರ ನಿಚ್ಚಳವಾಗುವುದು ಒಂದು ತಂದೆ-ಮಗನ ಜೋಡಿಯಲ್ಲಿ. ತಂದೆ ಗೀದೊ ದ ಮೊಂತೆಫೆಲ್ತ್ರೊ ಮುಪ್ಪಿನಲ್ಲಿ ಸನ್ಯಾಸಿಯಾದವನು. ಮೋಸದ ಸಲಹೆ ಕೊಡುವ ಮೊದಲೇ ಪೋಪನಿಂದ ಅದಕ್ಕೆ ಕ್ಷಮೆ ಪಡೆದುಕೊಂಡ. ಸತ್ತಾಗ ಅವನನ್ನು ಕರೆದೊಯ್ಯಲು ಸಂತ ಫ್ರಾನ್ಸಿಸನೇ ಬಂದರೂ ಕಪ್ಪು ದೂತನೊಬ್ಬ ತರ್ಕ ಹೂಡಿ ಕಸಿದುಕೊಳ್ಳುತ್ತಾನೆ: ಪಶ್ಚಾತ್ತಾಪವಿಲ್ಲದವನಿಗೆ ಕ್ಷಮೆಯಿಲ್ಲ, ಪಾಪ ಬಯಸುತ್ತಲೇ ಪಶ್ಚಾತ್ತಾಪಪಡಲು ಬಾರದು. ಇದು 27ನೇ ಸರ್ಗ. ಮಗ ಬುವೊಂಕೊಂತೆ 1289ರ ಕಾಂಪಾಲ್ದಿನೊ ಯುದ್ಧದಲ್ಲಿ ಗಂಟಲು ಸೀಳಿ ಬಿದ್ದು, ಮರಿಯಳ ಹೆಸರು ಹೇಳುತ್ತ ಸತ್ತ. ಪಾಪ ತೊಳೆದುಕೊಂಡು ಸ್ವರ್ಗಕ್ಕೆ ಹೋಗುವವರ ಕಥೆಯಾದ ಎರಡನೇ ಭಾಗ ‘ಪುರ್ಗಟೋರಿಯೊ’ದ ಐದನೇ ಸರ್ಗದಲ್ಲಿ ಒಂದು ಹನಿ ಕಣ್ಣೀರಿಗೆ ಅವನು ಪಾರಾಗಿದ್ದಾನೆ. ಇನ್‌ಫರ್ನೊ ಒಂದನ್ನೇ ಓದಿ ಪುಸ್ತಕ ಮುಚ್ಚಿಡುವವರಿಗೆ ಈ ಜೋಡಿ ಸಿಗುವುದೇ ಇಲ್ಲ.

ಅದೇ ಕವಿ ಇನ್‌ಫರ್ನೊದ 33ನೇ ಸರ್ಗದಲ್ಲಿ, ಕೊನೆ ಗಳಿಗೆಯಲ್ಲೂ ಪಾರಾಗಬಹುದೆಂಬ ಈ ನಿಯಮವನ್ನು ಮುರಿಯುತ್ತಾನೆ. ಮನೆಗೆ ಬಂದ ಅತಿಥಿಗಳನ್ನು ಕೊಲ್ಲಿಸಿದ ಅಲ್ಬೆರಿಗೊ, ಬ್ರಾಂಕ ದೋರಿಯ ಇಬ್ಬರ ಆತ್ಮಗಳೂ ಹಿಮದಲ್ಲಿ ಹೂತಿವೆ. ಯಾತ್ರಿಕ ನಂಬುವುದಿಲ್ಲ: ಬ್ರಾಂಕ ಇನ್ನೂ ಸತ್ತಿಲ್ಲವಲ್ಲ, ಮೇಲೆ ತಿನ್ನುತ್ತ, ಕುಡಿಯುತ್ತ, ಮಲಗುತ್ತ, ಬಟ್ಟೆ ಉಡುತ್ತ ಇದ್ದಾನಲ್ಲ! ಅಲ್ಬೆರಿಗೊನ ಉತ್ತರ: ಆ ಮೈಯನ್ನು ಈಗ ನಡೆಸುತ್ತಿರುವುದು ಒಂದು ಪಿಶಾಚಿ. ಕೊನೆಯುಸಿರಿನವರೆಗೆ ಪಶ್ಚಾತ್ತಾಪಕ್ಕೆ ಎಡೆಯಿದೆ ಎನ್ನುವ ಚರ್ಚಿನ ಬೋಧನೆಗೆ ಇದು ನೇರ ವಿರುದ್ಧ. ಕವಿ ಹೀಗೆ ಬರೆಯಬಹುದು. ಉಪದೇಶಕ ಹೀಗೆ ಹೇಳಿದರೆ ಅವನ ಉಪದೇಶಕ್ಕೆ ಕೆಲಸವೇ ಉಳಿಯುವುದಿಲ್ಲ.

ಇನ್ನು ಎಡ್ವರ್ಡ್ಸ್. ಅವನು ‘ಗುಡುಗಿದ’ ಎಂದು ಲೇಖನ ಹೇಳುತ್ತದೆ. ಆತ ಹಸ್ತಪ್ರತಿ ನೋಡಿಕೊಂಡು ದನಿ ಏರಿಸದೆ ಓದುವವನೆಂದೇ ಹೆಸರಾದವನು. 1741ರ ಜುಲೈ 8ರಂದು ಎನ್‌ಫೀಲ್ಡಿನಲ್ಲಿ ಓದಿದ ‘ಕುಪಿತ ದೇವರ ಕೈಯಲ್ಲಿ ಪಾಪಿಗಳು’ ಎಂಬ ಆ ಉಪದೇಶ ಕಟ್ಟುನಿಟ್ಟಿನ ಪ್ರಾಟೆಸ್ಟಂಟರಾದ ಪ್ಯೂರಿಟನ್ನರ ಮಾಮೂಲಿ ಚೌಕಟ್ಟಿನಲ್ಲೇ ಇದೆ: ಬೈಬಲಿನ ವಚನ, ಅದರ ಸಿದ್ಧಾಂತ, ಕೇಳುವವರಿಗೆ ಅದರ ಅನ್ವಯ. ವಚನ ಧರ್ಮೋಪದೇಶಕಾಂಡ 32:35, ತಕ್ಕ ಕಾಲಕ್ಕೆ ಅವರ ಕಾಲು ಜಾರುವುದು ಎಂಬ ಮಾತು. ಸಿದ್ಧಾಂತ ಭಾಗದ ಹತ್ತು ಅಂಶಗಳು ಹೆಚ್ಚಾಗಿ ‘ಅವರು’ ಎನ್ನುತ್ತ ಸಾಗುತ್ತವೆ. ಅನ್ವಯಕ್ಕೆ ಬಂದದ್ದೇ ‘ನೀವು’ ಶುರು. ಬೆಂಕಿಯ ಮೇಲೆ ತೂಗುವ ಜೇಡ, ಬಾಗಿದ ಬಿಲ್ಲು, ಕಟ್ಟೆ ಹಾಕಿ ತಡೆದ ನೀರು, ಎಲ್ಲವೂ ಈ ‘ನೀವು’ ಭಾಗದಲ್ಲಿವೆ. ಗಮನಿಸಿ ಓದಿದರೆ ನರಕದ ಒಳಗಿನ ವರ್ಣನೆ ಅಲ್ಲಿ ತೀರ ಕಡಿಮೆ. ಅವನು ವರ್ಣಿಸುವುದು ಕಾಲಡಿಯ ನೆಲವನ್ನು: ಕೊಳೆತ ಹೊದಿಕೆ, ಸಣ್ಣ ಎಳೆ, ಹಿಡಿದಿರುವ ಕೈ. ಬೀಳುವುದಕ್ಕಿಂತ ಇನ್ನೂ ಬೀಳದೆ ಇರುವುದೇ ಅಲ್ಲಿನ ಭಯ. ಕೊನೆಗೆ ಕ್ರಿಸ್ತನು ಕರುಣೆಯ ಬಾಗಿಲನ್ನು ಅಗಲವಾಗಿ ತೆರೆದು ನಿಂತಿದ್ದಾನೆ ಎಂಬ ಮಾತು, ತಪ್ಪಿಸಿಕೊಂಡು ಬೆಟ್ಟಕ್ಕೆ ಓಡಿ ಎಂಬ ಕರೆ. ಸಂಕಲನಗಳು ಜೇಡವನ್ನು ಅಚ್ಚುಹಾಕಿ ಇದನ್ನು ಬಿಡುತ್ತವೆ. ಓದುಗರಿಗೆ ಎಡ್ವರ್ಡ್ಸ್ ಬರೀ ಕ್ರೂರಿಯಾಗಿ ಕಾಣುತ್ತಾನೆ. ಅಂದು ಅಲ್ಲಿದ್ದ ಸ್ಟೀಫನ್ ವಿಲಿಯಮ್ಸ್‌ನ ದಿನಚರಿಯ ಪ್ರಕಾರ, ಜನರ ಗೋಳಾಟಕ್ಕೆ ಉಪದೇಶಕ ನಡುವೆಯೇ ನಿಲ್ಲಿಸಬೇಕಾಯಿತು.

ನರಕದ ಒಳಗನ್ನು ವರ್ಣಿಸುವ ಪದ್ಧತಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದವರದು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ, ಆ ಸಂಘದ ಸ್ಥಾಪಕ ಇಗ್ನೇಷಿಯಸನ ‘ಆತ್ಮಿಕ ಸಾಧನೆಗಳು’ ಕೃತಿಯ ಮೊದಲ ವಾರದ ಐದನೇ ಸಾಧನೆ ನೋಡಿ: ನರಕದ ಉದ್ದ, ಅಗಲ, ಆಳವನ್ನು ಕಲ್ಪಿಸಿಕೊಂಡ ಮೇಲೆ ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಈ ಕ್ರಮದಲ್ಲಿ ಒಂದೊಂದೇ ಇಂದ್ರಿಯದಿಂದ ಅದನ್ನು ಅನುಭವಿಸಬೇಕು. ಅದೂ ಮುಗಿಯುವುದು ಇನ್ನೂ ಜೀವ ಉಳಿಸಿದ್ದಕ್ಕೆ ಕೃತಜ್ಞತೆ ಹೇಳುವ ಸಂಭಾಷಣೆಯಲ್ಲಿ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ತನ್ನ 1916ರ ಕಾದಂಬರಿ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ನ ಮೂರನೇ ಅಧ್ಯಾಯದ ಉಪದೇಶಗಳಿಗೆ ಪಿನಾಮೊಂಟಿ ಎಂಬ ಜೆಸ್ವಿಟ್ 1688ರಲ್ಲಿ ಬರೆದ ಕಿರುಪುಸ್ತಕದಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ.

ಸೈತಾನನಿಗೆ ಆತ್ಮ ಮಾರಿಕೊಂಡ ವಿದ್ವಾಂಸನ ಕಥೆಯಾದ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕವನ್ನು ಆಡುವವರಿಗೂ ಅನುವಾದಿಸುವವರಿಗೂ ಒಂದು ಮಾತು. ಅದಕ್ಕೆ ಎರಡು ಪಾಠಗಳಿವೆ (ಬೇರೆ ಬೇರೆ ಮುದ್ರಿತ ರೂಪಗಳು), 1604ರದು ಮತ್ತು 1616ರದು. ಎರಡೂ 1593ರಲ್ಲಿ ಮಾರ್ಲೋ ಸತ್ತ ಮೇಲೆ ಬಂದವು. ಮೊದಲ ದೃಶ್ಯದಲ್ಲಿ ಫಾಸ್ಟಸ್ ರೋಮಾಪುರದವರಿಗೆ ಬರೆದ ಪತ್ರ 6:23ರಲ್ಲಿ ಪಾಪದ ಸಂಬಳ ಮರಣ ಎಂಬಷ್ಟನ್ನೇ ಓದಿ, ನಿತ್ಯಜೀವ ದೇವರ ವರ ಎಂಬ ಉಳಿದರ್ಧವನ್ನು ಬಿಟ್ಟು ಪುಸ್ತಕ ಮುಚ್ಚುತ್ತಾನೆ. 1604ರ ಪಾಠದಲ್ಲಿ ಈ ತಪ್ಪು ಪೂರ್ತಿ ಅವನದೇ. 1616ರಲ್ಲಿ, ಹಾಳೆ ಮಗುಚಿ ನಿನ್ನ ಕಣ್ಣನ್ನು ಅತ್ತ ತಿರುಗಿಸಿದ್ದು ನಾನೇ ಎಂದು ಪಿಶಾಚಿ ಮೆಫಿಸ್ಟೊಫಿಲಿಸ್ ಕೊನೆಯಲ್ಲಿ ಹೇಳಿಕೊಳ್ಳುತ್ತಾನೆ. ಒಳ್ಳೆಯ ದೂತನ ಮಾತೂ ಬದಲಾಗಿದೆ: ಮೊದಲನೆಯದರಲ್ಲಿ ಪಶ್ಚಾತ್ತಾಪಪಡುವುದು ಸಾಧ್ಯವಾದರೆ ತಡವಾಗಿಲ್ಲ, ಎರಡನೆಯದರಲ್ಲಿ ಮನಸ್ಸು ಮಾಡಿದರೆ ತಡವಾಗಿಲ್ಲ.

ಮಧ್ಯರಾತ್ರಿಗೆ ಪಿಶಾಚಿಗಳು ಎಳೆದೊಯ್ಯಲಿರುವ ಫಾಸ್ಟಸನ ಕೊನೆಯ ಸ್ವಗತದಲ್ಲಿ ಗಡಿಯಾರವನ್ನು ಎಚ್ಚರದಿಂದ ಬಾರಿಸಬೇಕು. ಮೊದಲ ಅರ್ಧ ಗಂಟೆಗೆ ಸುಮಾರು 30 ಸಾಲು, ಎರಡನೆಯದಕ್ಕೆ ಸುಮಾರು 20 ಸಾಲು, ಕಾಲ ಓಡುತ್ತಿದೆ. ನಟ ಎರಡನ್ನೂ ಒಂದೇ ವೇಗದಲ್ಲಿ ಕಿರುಚಿದರೆ ಈ ಏರ್ಪಾಡು ಕೆಟ್ಟಿತು. ಲಕ್ಷ ವರ್ಷವಾದರೂ ಸರಿ, ಕೊನೆಯೊಂದು ಇರಲಿ ಎಂದು ಅಂಗಲಾಚಿದ ಮೇಲೆ ಅವನು ಪೈಥಾಗೊರಸನ ಪುನರ್ಜನ್ಮ ಸಿದ್ಧಾಂತ ನಿಜವಾಗಿದ್ದರೆ ಎಂದು ಹಂಬಲಿಸುತ್ತಾನೆ. ಪುರಾಣಗಳ ನರಕಕ್ಕೆ ಅವಧಿಯಿದೆ ಎಂದು ಬಲ್ಲ ನಮ್ಮ ಪ್ರೇಕ್ಷಕರಿಗೆ (ಮಧ್ವಮತದಲ್ಲಿ ನಿತ್ಯನರಕಕ್ಕೆ ಸಲ್ಲುವ ತಮೋಯೋಗ್ಯರ ಮಾತು ಬೇರೆ) ಆ ಸಾಲು ಬಹಳ ತಟ್ಟುತ್ತದೆ, ಕತ್ತರಿಸಬಾರದು. ಎರಡು ಪಾಠಗಳನ್ನು ಬೆರೆಸಿದರೆ ತಪ್ಪು ಯಾರದೆಂಬ ಪ್ರಶ್ನೆಯೇ ಕಲಸಿಹೋಗುತ್ತದೆ. ಯಾವ ಪಾಠ ಹಿಡಿದಿದ್ದೇವೆಂದು ಅನುವಾದಕರು ಮುನ್ನುಡಿಯಲ್ಲಿ, ರಂಗತಂಡಗಳು ಕರಪತ್ರದಲ್ಲಿ ಒಂದು ಸಾಲು ಅಚ್ಚುಹಾಕಿದರೆ ಉಪಕಾರ.

ಇಂತಿ,
ಇಂಗ್ಲಿಷ್ ಸಾಹಿತ್ಯದ ಇಬ್ಬರು ಅಧ್ಯಾಪಕರು