ಲ್ಯಾಪ್‌ಟಾಪ್‌ನ ಕಾರ್ಡ್ ಸ್ಲಾಟ್ ಎಷ್ಟು ಸ್ಪೀಡ್ ಅಂತ ಯಾಕೆ ಬರೆಯಲ್ಲ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯಲ್ಲಿ ಹೊಸ ಲ್ಯಾಪ್‌ಟಾಪ್‌ಗಳ ಬಗ್ಗೆ ಬರೋ ಬರಹಗಳನ್ನ ತಪ್ಪದೇ ಓದ್ತೀನಿ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಸ್ಕ್ರೀನ್ ಹೇಗಿದೆ, ಎಲ್ಲಾ ಚೆನ್ನಾಗಿ ಬರೆದಿರ್ತಾರೆ. ಆದ್ರೆ ಮೆಮೊರಿ ಕಾರ್ಡ್ ಸ್ಲಾಟ್ ವಿಷಯಕ್ಕೆ ಬಂದ್ರೆ 'ಎಸ್‌ಡಿ ಕಾರ್ಡ್ ರೀಡರ್ ಇದೆ' ಅನ್ನೋ ಒಂದೇ ಸಾಲು. ಹೆಚ್ಚಿನ ಕಂಪನಿಗಳ ವೆಬ್‌ಸೈಟ್ ನೋಡಿದ್ರೂ ಅಷ್ಟೇ, ಬಾಕ್ಸ್ ಮೇಲೆ ನೋಡಿದ್ರೂ ಅಷ್ಟೇ. ಅದು ಎಷ್ಟು ಸ್ಪೀಡ್‌ನಲ್ಲಿ ಓದುತ್ತೆ ಅಂತ ಹೇಳೋರೇ ಇಲ್ಲ. ಇದರಿಂದ ಏನಾಗ್ತಿದೆ ಅಂದ್ರೆ, ಜನ ದುಡ್ಡು ಸುರಿದು ದೊಡ್ಡ ಸ್ಪೀಡ್ ಬರೆದಿರೋ ಕಾರ್ಡ್ ತಗೊಳ್ತಾರೆ, ಲ್ಯಾಪ್‌ಟಾಪ್‌ಗೆ ಹಾಕಿ ಫೋಟೋ ವಿಡಿಯೋ ಕಾಪಿ ಮಾಡೋಕೆ ಕೂತ್ರೆ ಅದರ ಕಾಲು ಭಾಗದ ಸ್ಪೀಡೂ ಬರಲ್ಲ, ಆಮೇಲೆ ಕಾರ್ಡ್ ನಕಲಿ ಇರ್ಬೇಕು ಅಂತ ಅಂಗಡಿಯವರ ಜೊತೆ ಜಗಳ. ಎಷ್ಟೋ ಸಲ ಕಾರ್ಡ್ ಸರಿಯಾಗೇ ಇರುತ್ತೆ, ತಡೆ ಇರೋದು ಸ್ಲಾಟ್ ಒಳಗೆ. ಇದನ್ನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಪತ್ರ. ಉದ್ದ ಆಗಿದೆ, ಜಾಗ ಇದ್ರೆ ಪೂರ್ತಿ ಹಾಕಿ.

ಕಾರ್ಡ್ ಮೇಲೆ 170 ಅಂತಲೋ 200 ಅಂತಲೋ ದೊಡ್ಡ ಅಕ್ಷರದಲ್ಲಿ ಇರುತ್ತಲ್ಲ, ಅದು ಸೆಕೆಂಡಿಗೆ ಎಷ್ಟು ಎಂಬಿ ಓದಬಹುದು ಅನ್ನೋ ಲೆಕ್ಕ, ಅದೂ ಎಲ್ಲಾ ಅನುಕೂಲವಾಗಿದ್ದಾಗ ಸಿಗೋ ಗರಿಷ್ಠ ಲೆಕ್ಕ. ಅದೇ ಕಾರ್ಡ್ ಮೂಲೆಯಲ್ಲಿ ಚಿಕ್ಕದಾಗಿ ರೋಮನ್ ಅಂಕಿ ಒಂದೋ ಎರಡೋ ಇರುತ್ತೆ, ನಿಜವಾಗಿ ನೋಡ್ಬೇಕಾದ್ದು ಅದನ್ನ. ಒಂದು ಅಂದ್ರೆ ಯುಎಚ್‌ಎಸ್-1, ಕಾರ್ಡೂ ರೀಡರೂ ಎಷ್ಟು ಸ್ಪೀಡ್‌ನಲ್ಲಿ ಡೇಟಾ ಸಾಗಿಸಬಹುದು ಅಂತ ಹೇಳೋ, 2010ರಲ್ಲಿ ಬಂದ ಸ್ಟ್ಯಾಂಡರ್ಡ್ ಇದು. ಎರಡು ಅಂದ್ರೆ ಯುಎಚ್‌ಎಸ್-2, 2011ರದ್ದು. ಮೊದಲನೆಯದರ ಮಿತಿ ಸೆಕೆಂಡಿಗೆ 104 ಎಂಬಿ, ಎರಡನೆಯದರದ್ದು 312 ಎಂಬಿ. ಎರಡನ್ನೂ ಕಣ್ಣಲ್ಲೇ ಗುರುತಿಸಬಹುದು, ಕಾರ್ಡ್ ತಿರುಗಿಸಿ ನೋಡಿ, ಒಂದೇ ಸಾಲು ಚಿನ್ನದ ಬಣ್ಣದ ಪಟ್ಟಿಗಳಿದ್ರೆ ಮೊದಲನೇ ಥರದ್ದು, ಅದರ ಕೆಳಗೆ ಇನ್ನೊಂದು ಸಾಲು ಚಿಕ್ಕ ಪಟ್ಟಿಗಳಿದ್ರೆ ಎರಡನೇ ಥರದ್ದು ಅಂತ ಹೆಚ್ಚುಕಡಿಮೆ ಹೇಳಬಹುದು. ಲ್ಯಾಪ್‌ಟಾಪ್ ಸ್ಲಾಟ್ ಒಳಗೆ ಆ ಎರಡನೇ ಸಾಲಿಗೆ ತಾಗೋ ಪಿನ್‌ಗಳು ಇಲ್ಲ ಅಂದ್ರೆ ಎಷ್ಟೇ ದುಬಾರಿ ಯುಎಚ್‌ಎಸ್-2 ಕಾರ್ಡ್ ಹಾಕಿದ್ರೂ ಅದು ಯುಎಚ್‌ಎಸ್-1 ಥರವೇ ಕೆಲಸ ಮಾಡುತ್ತೆ. ಹಾಳೇನೂ ಆಗಲ್ಲ, ಫೈಲ್‌ಗಳೂ ಸರಿಯಾಗೇ ಬರುತ್ತೆ, ಸ್ಪೀಡ್ ಮಾತ್ರ ಸಿಗಲ್ಲ.

ಈಗ ಯಾರಾದ್ರೂ ಕೇಳಬಹುದು, ಯುಎಚ್‌ಎಸ್-1 ಮಿತಿ 104 ಅಂದ್ಮೇಲೆ ಅದೇ ಗುರುತಿರೋ ಕಾರ್ಡ್ ಮೇಲೆ 170, 200 ಅಂತ ಹೇಗೆ ಬರೀತಾರೆ ಅಂತ. ಇದು ನ್ಯಾಯವಾದ ಪ್ರಶ್ನೆ, ಮತ್ತೆ ಗ್ರಾಹಕರು ಹೆಚ್ಚು ಮೋಸ ಹೋಗೋದು ಇಲ್ಲೇ. ಕೆಲವು ಕಂಪನಿಗಳು ಸ್ಟ್ಯಾಂಡರ್ಡ್‌ನಲ್ಲಿ ಇಲ್ಲದ ತಮ್ಮದೇ ಒಂದು ವಿಧಾನದಲ್ಲಿ ಕಾರ್ಡ್‌ನ ಇನ್ನೂ ಜೋರಾಗಿ ಓಡಿಸ್ತಾವೆ, ಆದ್ರೆ ಅದಕ್ಕೆ ಆ ವಿಧಾನ ಗೊತ್ತಿರೋ ರೀಡರ್ರೇ ಬೇಕು. ಮಾಮೂಲಿ ಲ್ಯಾಪ್‌ಟಾಪ್ ಸ್ಲಾಟಿಗೆ ಅದು ಗೊತ್ತಿರಲ್ಲ, ಹಾಗಾಗಿ ಅಲ್ಲಿ ಸಿಗೋದು 90ರ ಆಸುಪಾಸು ಅಷ್ಟೇ. ಪ್ಯಾಕೆಟ್ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಇದರ ಸುಳಿವು ಕೊಟ್ಟಿರ್ತಾರೆ, ಮುಂದೆ ಮಾತ್ರ ದೊಡ್ಡ ನಂಬರ್. ಇದು ಸರಿಯಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಮಾಮೂಲಿ ರೀಡರ್‌ನಲ್ಲಿ ಎಷ್ಟು ಬರುತ್ತೋ ಅದನ್ನೂ ಅಷ್ಟೇ ದೊಡ್ಡದಾಗಿ ಬರೀಲಿ.

ಇಷ್ಟು ಕಾರ್ಡ್ ಕಥೆ. ಲ್ಯಾಪ್‌ಟಾಪ್ ಕಥೆ ಇದಕ್ಕಿಂತ ಒಳಗಿಂದು. ಸ್ಲಾಟ್ ಹಿಂದೆ ಒಂದು ಚಿಕ್ಕ ಚಿಪ್ ಇರುತ್ತೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಕಂಪನಿಯದ್ದು. ಆ ಚಿಪ್ ಮದರ್‌ಬೋರ್ಡಿಗೆ ಯಾವ ದಾರಿಯಲ್ಲಿ ಜೋಡಣೆ ಆಗಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಕೆಲವದರಲ್ಲಿ ಅದು ಒಳಗೊಳಗೇ ಯುಎಸ್‌ಬಿ 2.0 ಮೂಲಕ ಜೋಡಣೆ ಆಗಿರುತ್ತೆ. ಯುಎಸ್‌ಬಿ 2.0 ಬಂದಿದ್ದು 2000ದಲ್ಲಿ, ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಬಿಟ್ ಬೇರೆ ಬೈಟ್ ಬೇರೆ ಅನ್ನೋದು ನೆನಪಿಡಿ, ಎಂಟರಿಂದ ಭಾಗಿಸಿದ್ರೆ 60 ಎಂಬಿ, ಅದರಲ್ಲೂ ಹೋಗೋದು ಬರೋದರ ಲೆಕ್ಕಾಚಾರಕ್ಕೇ ಒಂದು ಪಾಲು ಹೋಗಿ ಕೈಗೆ ಸಿಗೋದು ಸುಮಾರು 35ರಿಂದ 40 ಎಂಬಿ. ಅಂದ್ರೆ ಪ್ರೊಸೆಸರ್ ಹೊಸದು, ಎಸ್‌ಎಸ್‌ಡಿ ಹೊಸದು, ಕಾರ್ಡ್ ಸ್ಲಾಟ್ ಮಾತ್ರ 2000ದ ದಾರಿಯಲ್ಲಿ! ಇನ್ನು ಕೆಲವದರಲ್ಲಿ ಚಿಪ್ ಪಿಸಿಐ ಎಕ್ಸ್‌ಪ್ರೆಸ್‌ಗೆ (ಮದರ್‌ಬೋರ್ಡ್ ಮೇಲಿನ ಸ್ಪೀಡಾದ ನೇರ ದಾರಿ) ಅಥವಾ ಯುಎಸ್‌ಬಿ 3ಕ್ಕೆ ಜೋಡಣೆ ಆಗಿರುತ್ತೆ, ಅಲ್ಲಿ ದಾರಿ ಅಗಲ ಇರೋದ್ರಿಂದ ಯುಎಚ್‌ಎಸ್-1 ಕಾರ್ಡ್‌ನ ಪೂರ್ತಿ ಸ್ಪೀಡ್ ಸಿಗುತ್ತೆ. ಎರಡೂ ಸ್ಲಾಟ್ ಹೊರಗಿಂದ ನೋಡೋಕೆ ಒಂದೇ ಥರ. ಬಾಕ್ಸ್ ಮೇಲೆ ಬರೆಯೋದೂ ಒಂದೇ ಥರ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋರಿಗೆ ಲೆಕ್ಕ ಹಾಕಿ ತೋರಿಸ್ತೀನಿ. 64 ಜಿಬಿ ಕಾರ್ಡ್ ತುಂಬಾ ವಿಡಿಯೋ ಇದೆ ಅಂದ್ಕೊಳ್ಳಿ. ಸೆಕೆಂಡಿಗೆ 20 ಎಂಬಿ ಅಷ್ಟೇ ಬರೋ ಹಳೇ ಸ್ಲಾಟ್‌ನಲ್ಲಿ ಅದು ಪೂರ್ತಿ ಕಾಪಿ ಆಗೋಕೆ 53 ನಿಮಿಷ ಬೇಕು. 35 ಎಂಬಿ ಬಂದ್ರೆ ಅರ್ಧ ಗಂಟೆ. 90 ಬಂದ್ರೆ 12 ನಿಮಿಷ. ಒಳ್ಳೇ ಯುಎಚ್‌ಎಸ್-2 ಕಾರ್ಡು, ಅದಕ್ಕೆ ತಕ್ಕ ರೀಡರ್ ಸೇರಿ 250 ಬಂದ್ರೆ ನಾಲ್ಕೂಕಾಲು ನಿಮಿಷ. ದಿನಾ ಕಾರ್ಡ್ ಖಾಲಿ ಮಾಡಿ ಮತ್ತೆ ಶೂಟಿಂಗಿಗೆ ಹೊರಡೋ ಫೋಟೋಗ್ರಾಫರ್, ವಿಡಿಯೋ ಮಾಡೋರು, ಡ್ರೋನ್ ಹಾರಿಸೋರು, ಇವರಿಗೆಲ್ಲಾ ಇದು ಕೂಲಿಯ ಹೊತ್ತು. ಅದಕ್ಕೇ ನಾನು ಇದನ್ನ ಸಣ್ಣ ವಿಷಯ ಅಂತ ಬಿಡೋಕೆ ತಯಾರಿಲ್ಲ.

ಸ್ಪೀಡ್ ಬರದೇ ಇರೋಕೆ ಇನ್ನೊಂದು ಕಾರಣ ಇದೆ, ಇದು ಕಡಿಮೆ ಜನಕ್ಕೆ ಗೊತ್ತು. ಕಾರ್ಡ್ ಸ್ಲಾಟಿಗೆ ಹಾಕಿದ ತಕ್ಷಣ ಕಾರ್ಡೂ ರೀಡರೂ ಮೊದಲು 3.3 ವೋಲ್ಟ್‌ನಲ್ಲಿ ನಿಧಾನವಾಗಿ ಮಾತುಕತೆ ಶುರು ಮಾಡ್ತಾವೆ, ಇಬ್ಬರಿಗೂ ಆಗುತ್ತೆ ಅಂತ ಗೊತ್ತಾದ್ಮೇಲೆ ಸಿಗ್ನಲ್ 1.8 ವೋಲ್ಟಿಗೆ ಇಳಿಸಿ ಸ್ಪೀಡ್ ಏರಿಸ್ತಾವೆ. ಗಡಿಯಾರದ ವೇಗ 208 ಮೆಗಾಹರ್ಟ್ಜ್, ಒಂದೊಂದು ಬಡಿತಕ್ಕೆ ನಾಲ್ಕು ಬಿಟ್, 104 ಎಂಬಿ ಅನ್ನೋ ಲೆಕ್ಕ ಬಂದಿದ್ದೇ ಹೀಗೆ. ರೀಡರ್ ಹಳೇದಾಗಿ 1.8 ವೋಲ್ಟ್ ಕೆಲಸ ಮಾಡಲಿಲ್ಲ ಅಂದ್ರೆ 25 ಎಂಬಿ ಮಿತಿಯ ಹಳೇ ಹೈಸ್ಪೀಡ್ ಮೋಡಲ್ಲೇ ಉಳಿದುಬಿಡುತ್ತೆ, ಮೇಲೆ ಬರಲ್ಲ. ಕಾರ್ಡ್ ಪಟ್ಟಿಗಳ ಮೇಲೆ ಕೊಳೆ ಕೂತಿದ್ರೆ, ಮೈಕ್ರೋ ಎಸ್‌ಡಿ ಹಾಕೋ ಅಡಾಪ್ಟರ್ ಸವೆದು ಲೂಸ್ ಆಗಿದ್ರೆ ಆಗಲೂ ಹೀಗೇ ಆಗಬಹುದು. ಹಾಗಾಗಿ ಏಕಾಏಕಿ ಸ್ಪೀಡ್ ಬಿತ್ತು ಅನ್ನೋರು ಮೊದಲು ಒಣಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಬೇರೆ ಅಡಾಪ್ಟರ್ ಹಾಕಿ ನೋಡಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯಾವ ದಾರಿ ಇದೆ ಅಂತ ಮನೇಲೇ ನೋಡ್ಕೋಬಹುದು. ವಿಂಡೋಸ್ ಆದ್ರೆ ಡಿವೈಸ್ ಮ್ಯಾನೇಜರ್ ತೆಗೀರಿ, ಮೇಲೆ ವ್ಯೂ ಮೆನುನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಒತ್ತಿ, ಆಮೇಲೆ ಒಂದೊಂದಾಗಿ ಬಿಡಿಸ್ತಾ ಕಾರ್ಡ್ ರೀಡರ್ ಹುಡುಕಿ. ಅದು ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್ ಅನ್ನೋದರ ಕೆಳಗಿದ್ರೆ ಬಹುಮಟ್ಟಿಗೆ ಒಳ್ಳೇ ಸುದ್ದಿ. ಯುಎಸ್‌ಬಿ ರೂಟ್ ಹಬ್ ಕೆಳಗಿದ್ರೆ 2.0 ಆಗಿರಬಹುದು 3 ಆಗಿರಬಹುದು, ಅಲ್ಲಿ ನೋಡಿದ್ರೆ ಗೊತ್ತಾಗಲ್ಲ, ಫೈಲ್ ಕಾಪಿ ಮಾಡೇ ನೋಡ್ಬೇಕು. ಲಿನಕ್ಸ್ ಬಳಸೋರಿಗೆ ಇನ್ನೂ ಸುಲಭ, ಎಲ್‌ಎಸ್‌ಯುಎಸ್‌ಬಿ ಕಮಾಂಡಿಗೆ ಹೈಫನ್ ಟಿ ಸೇರಿಸಿ ಕೊಟ್ರೆ ರೀಡರ್ ಎದುರು 480ಎಂ (ಯುಎಸ್‌ಬಿ 2.0) ಅಂತಲೋ 5000ಎಂ (ಯುಎಸ್‌ಬಿ 3) ಅಂತಲೋ ಬರುತ್ತೆ. ಪಿಸಿಐ ರೀಡರ್ ಆದ್ರೆ ಕಾರ್ಡ್ ಹಾಕಿದ ಮೇಲೆ ಡಿಮೆಸೇಜ್‌ನಲ್ಲಿ (ಸಿಸ್ಟಂ ಸಂದೇಶಗಳನ್ನ ತೋರಿಸೋ ಕಮಾಂಡ್) ಒಂದು ಸಾಲು ಬರುತ್ತೆ, ಅದರಲ್ಲಿ 'ಎಸ್‌ಡಿಆರ್104' ಅಂತ ಇದ್ರೆ ಪೂರ್ತಿ ಯುಎಚ್‌ಎಸ್-1 ಸ್ಪೀಡ್‌ಗೆ ಏರಿದೆ ಅಂತ ಅರ್ಥ, ಬರೀ 'ಹೈ ಸ್ಪೀಡ್' ಅಂತ ಇದ್ರೆ ಮೇಲೆ ಹೇಳಿದ 25 ಎಂಬಿಯಲ್ಲೇ ನಿಂತಿದೆ ಅಂತ.

ಕಾಪಿ ಮಾಡಿ ಅಳೆಯೋವಾಗ ಒಂದೆರಡು ಎಚ್ಚರ ಬೇಕು. ಒಂದೇ ದೊಡ್ಡ ವಿಡಿಯೋ ಫೈಲ್ ತಗೊಳ್ಳಿ, ಸಾವಿರ ಸಣ್ಣ ಫೋಟೋ ತಗೊಂಡ್ರೆ ಒಂದೊಂದು ಫೈಲ್ ತೆಗೆದು ಮುಚ್ಚೋಕೇ ಹೊತ್ತು ಹೋಗುತ್ತೆ, ಅದರ ಮೇಲೆ ಆಂಟಿವೈರಸ್ ಒಂದೊಂದನ್ನೂ ಮೂಸಿ ನೋಡುತ್ತೆ, ಸ್ಲಾಟ್‌ನ ನಿಜವಾದ ಸ್ಪೀಡ್ ಗೊತ್ತಾಗಲ್ಲ. ಕಾರ್ಡಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಅದೂ ಎಸ್‌ಎಸ್‌ಡಿಗೆ. ಅದೇ ಫೈಲ್ ಎರಡನೇ ಸಲ ಕಾಪಿ ಮಾಡಿದ್ರೆ ಸ್ಪೀಡ್ ಒಂದೇಟಿಗೆ ಎಲ್ಲಿಗೋ ಹಾರುತ್ತೆ, ಅದನ್ನ ನಂಬಬೇಡಿ, ಆಗ ಅದು ರ‍್ಯಾಮ್‌ನಲ್ಲಿ ಉಳಿದಿರೋದನ್ನೇ ಕೊಡ್ತಿರುತ್ತೆ. ಕಾರ್ಡ್ ಸೇಫ್ ಆಗಿ ಹೊರಗೆ ತೆಗೆದು ಮತ್ತೆ ಹಾಕಿ ಅಳೀರಿ. 20ರಿಂದ 25ರೊಳಗೆ ನಿಂತ್ರೆ ಹಳೇ ಹೈಸ್ಪೀಡ್ ಮೋಡ್, 35ರಿಂದ 40ರಲ್ಲಿ ನಿಂತ್ರೆ ಯುಎಸ್‌ಬಿ 2.0, 80ರಿಂದ 95 ಬಂದ್ರೆ ಯುಎಚ್‌ಎಸ್-1 ಚೆನ್ನಾಗೇ ಕೆಲಸ ಮಾಡ್ತಿದೆ. ಕಾರ್ಡೇ ನಿಧಾನ ಇದ್ರೆ ಈ ಲೆಕ್ಕ ತಪ್ಪುತ್ತೆ ಅನ್ನಿ, ಆದ್ದರಿಂದ ಒಳ್ಳೇ ಕಾರ್ಡಲ್ಲೇ ನೋಡಿ.

ಸ್ಲಾಟ್ ನಿಧಾನ ಅಂತ ಗೊತ್ತಾದ್ರೆ ಲ್ಯಾಪ್‌ಟಾಪ್ ಬದಲಿಸೋದೇನೂ ಬೇಡ, ಹೊರಗಿಂದ ಹಾಕೋ ಯುಎಸ್‌ಬಿ 3 ರೀಡರ್ ಸಾಕು. ಇಲ್ಲೂ ಹೆಸರಿನ ಗೊಂದಲ ಇದೆ, ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಈ ಮೂರೂ ಒಂದೇ, ಸೆಕೆಂಡಿಗೆ 5 ಗಿಗಾಬಿಟ್. ಯುಎಚ್‌ಎಸ್-2 ಕಾರ್ಡಿಗೂ ಅದು ಧಾರಾಳ ಆಯ್ತು. ಆದ್ರೆ ರೀಡರ್ ಯುಎಸ್‌ಬಿ 3 ಅಂದ ಮಾತ್ರಕ್ಕೆ ಅದು ಯುಎಚ್‌ಎಸ್-2 ಓದುತ್ತೆ ಅಂತಲ್ಲ, ಅದನ್ನ ಬೇರೆಯಾಗಿ ಬರೆದಿರಬೇಕು, ಕೇಳಿ ತಗೊಳ್ಳಿ. ಟೈಪ್-ಸಿ ಕೇಬಲ್ ಬೇಕಾಗೋ ರೀಡರ್ ಆದ್ರೆ ಫೋನ್ ಚಾರ್ಜ್ ಮಾಡೋ ಕೇಬಲ್ ಹಾಕಬೇಡಿ, ಅಂಥ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ಹೋಗೋದು ಯುಎಸ್‌ಬಿ 2.0 ಸ್ಪೀಡ್‌ನಲ್ಲೇ, ಮತ್ತೆ ಅದೇ ಹಳೇ ಗೋಳು.

2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಗೇಮ್ ಕನ್ಸೋಲ್‌ನಿಂದಾಗಿ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಕಾರ್ಡ್ ಈಗ ಜನರ ಕೈಗೆ ಬರ್ತಿದೆ. ಅದರ ಒಳಗೆ ಎಸ್‌ಎಸ್‌ಡಿ ಥರ ಪಿಸಿಐ ಎಕ್ಸ್‌ಪ್ರೆಸ್ ದಾರಿ ಇರುತ್ತೆ, 2018ರ ಎಸ್‌ಡಿ ಎಕ್ಸ್‌ಪ್ರೆಸ್ ಸ್ಟ್ಯಾಂಡರ್ಡ್ ಪ್ರಕಾರವೇ ಸೆಕೆಂಡಿಗೆ 985 ಎಂಬಿವರೆಗೆ ಹೋಗುತ್ತೆ. ಆದ್ರೆ ಅದನ್ನ ಮಾಮೂಲಿ ಲ್ಯಾಪ್‌ಟಾಪ್ ಸ್ಲಾಟಿಗೆ ಹಾಕಿದ್ರೆ ಯುಎಚ್‌ಎಸ್-1ಕ್ಕೆ ಇಳಿಯುತ್ತೆ, ಯುಎಚ್‌ಎಸ್-2 ರೀಡರ್‌ಗೆ ಹಾಕಿದ್ರೂ ಇಳಿಯೋದು ಯುಎಚ್‌ಎಸ್-1ಕ್ಕೇ, ಯಾಕಂದ್ರೆ ಎರಡನೇ ಸಾಲಿನ ಪಟ್ಟಿಗಳನ್ನ ಇವೆರಡೂ ಬೇರೆ ಬೇರೆ ಥರ ಬಳಸ್ತಾವೆ. ಇದನ್ನ ಯಾರೂ ಹೇಳದೇ ಹೋದ್ರೆ ಕಾರ್ಡ್ ಕಂಪನಿಗಳ ಹತ್ರ ದೂರುಗಳ ಸಾಲೇ ನಿಲ್ಲುತ್ತೆ.

ಕಾರ್ಡ್ ತಗೊಳ್ಳೋರಿಗೆ ಒಂದು ಮಾತು. ಕ್ಯಾಮೆರಾಗೆ ಬೇಕಾದ್ದು ಬರೆಯೋ ಸ್ಪೀಡ್, ಲ್ಯಾಪ್‌ಟಾಪಿಗೆ ಬೇಕಾದ್ದು ಓದೋ ಸ್ಪೀಡ್, ಪ್ಯಾಕೆಟ್ ಮೇಲಿನ ದೊಡ್ಡ ನಂಬರ್ ಹೆಚ್ಚಾಗಿ ಓದೋದು. ಕ್ಯಾಮೆರಾ 4ಕೆ ವಿಡಿಯೋನ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೀತಿದ್ರೆ ಅದು ಬರೀ 12.5 ಎಂಬಿ, ಅದಕ್ಕೆ ವಿ30 ಗುರುತಿನ ಕಾರ್ಡ್ ಬೇಕಾದಷ್ಟಾಯ್ತು, ಕಡಿಮೆ ಅಂದ್ರೂ ಸೆಕೆಂಡಿಗೆ 30 ಎಂಬಿ ಒಂದೇ ಸಮ ಬರೆಯುತ್ತೆ ಅನ್ನೋ ಭರವಸೆ ಆ ಗುರುತಿನದ್ದು. ಲ್ಯಾಪ್‌ಟಾಪ್ ಸ್ಲಾಟ್ 40 ದಾಟಲ್ಲ ಅಂತಿದ್ರೆ ಓದೋ ಸ್ಪೀಡಿಗೋಸ್ಕರ ದುಬಾರಿ ಕಾರ್ಡ್ ತಗೊಳ್ಳೋ ಬದಲು ಆ ದುಡ್ಡಲ್ಲಿ ಒಳ್ಳೇ ರೀಡರ್ ತಗೊಳ್ಳೋದು ಜಾಣತನ.

ಲ್ಯಾಪ್‌ಟಾಪ್ ಕಂಪನಿಗಳಿಗೆ ನಾನು ಕೇಳ್ತಿರೋದು ದೊಡ್ಡದೇನಲ್ಲ. ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ 'ಎಸ್‌ಡಿ ರೀಡರ್' ಅಂತ ಬರೆದ ಕಡೆಯೇ ಯುಎಚ್‌ಎಸ್-1ನಾ 2ನಾ, ಒಳಗೆ ಯುಎಸ್‌ಬಿ 2.0ನಾ ಪಿಸಿಐ ಎಕ್ಸ್‌ಪ್ರೆಸ್ಸಾ ಅಂತ ಇನ್ನೊಂದು ಅರ್ಧ ಸಾಲು ಸೇರಿಸಲಿ. ಯುಎಸ್‌ಬಿ ಪೋರ್ಟ್‌ಗಳ ಬಗ್ಗೆ ಇಷ್ಟೆಲ್ಲಾ ಬರೆಯೋರಿಗೆ ಇದೇನು ಕಷ್ಟ? ಬರೆಯೋಕೆ ಆಗಲ್ಲ ಅಂದ್ರೆ ನಿಧಾನದ ಚಿಪ್ ಹಾಕಿದ್ದು ಗೊತ್ತಾಗಬಾರದು ಅಂತಾನೇ ಗ್ರಾಹಕರು ಅರ್ಥ ಮಾಡ್ಕೋಬೇಕಾಗುತ್ತೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಇನ್ಮುಂದೆ ಲ್ಯಾಪ್‌ಟಾಪ್ ಪರೀಕ್ಷೆ ಮಾಡಿ ಬರೆಯೋವಾಗ ಒಂದು ಒಳ್ಳೇ ಕಾರ್ಡಿಂದ ಒಂದು ದೊಡ್ಡ ಫೈಲ್ ಕಾಪಿ ಮಾಡಿಸಿ, ಬಂದ ಸ್ಪೀಡ್‌ನ ಬ್ಯಾಟರಿ ಲೆಕ್ಕದ ಪಕ್ಕದಲ್ಲೇ ಹಾಕಿ. ಅರ್ಧ ನಿಮಿಷದ ಕೆಲಸ. ಎಲ್ಲಾ ಲ್ಯಾಪ್‌ಟಾಪ್‌ಗೂ ಅದೇ ಕಾರ್ಡ್, ಅದೇ ಫೈಲ್ ಬಳಸಿದ್ರೆ ಯಾವುದು ಮುಂದೆ ಯಾವುದು ಹಿಂದೆ ಅಂತ ಓದೋರಿಗೆ ತಾನಾಗೇ ಗೊತ್ತಾಗುತ್ತೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ