ಬಿಪಿ ನೋಡುವ ಟೇಬಲ್ಲಲ್ಲೇ ಮನಸ್ಸಿನ ಬಗ್ಗೆಯೂ ಕೇಳಿ

ಸಂಪಾದಕರೇ,

ಅಕ್ಟೋಬರ್ 10 ಬಂತಂದ್ರೆ ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಕಾಲೇಜು ಮಕ್ಕಳ ಜಾಥಾ, ಬ್ಯಾನರು, ಮರುದಿನ ಪೇಪರಲ್ಲಿ ಫೋಟೋ, ಅಲ್ಲಿಗೆ ಮುಗೀತು. ತಪ್ಪು ಅಂತಲ್ಲ, ಆದ್ರೆ ಜಾಥಾ ನೋಡಿ ಯಾರಾದ್ರೂ ಡಾಕ್ಟರ್ ಹತ್ರ ಹೋದ್ರಾ ಅಂತ ನಂಗೆ ಡೌಟು. ನಮ್ಮ ಉಡುಪಿ ಕಡೆ ಯುವಕ ಮಂಡಲ, ಭಜನಾ ಮಂಡಳಿ, ಸ್ವಸಹಾಯ ಸಂಘ ಇಲ್ಲದ ಊರು ಸಿಗೋದು ಕಷ್ಟ ಮಾರಾಯ್ರೆ, ರಕ್ತದಾನ, ಕಣ್ಣು ತಪಾಸಣೆ, ಬಿಪಿ ಶುಗರ್ ಕ್ಯಾಂಪ್ ಅಂತ ಏನಾದ್ರೂ ಮಾಡ್ತಾನೇ ಇರ್ತಾರೆ, ಮನಸ್ಸಿನ ತಪಾಸಣೆಯೂ ಅಲ್ಲಿಂದಲೇ ಶುರುವಾಗ್ಲಿ.

ಆದ್ರೆ ಮಾನಸಿಕ ಆರೋಗ್ಯ ಅಂತ ಬೋರ್ಡ್ ಹಾಕಿ ಬೇರೆ ಟೇಬಲ್ ಇಟ್ರೆ ಒಂದು ನೊಣವೂ ಬರೋದಿಲ್ಲ, ಇಡೀ ಊರು ನೋಡ್ತಾ ಇರುವಾಗ ಯಾರು ಹೋಗಿ ಕೂತ್ಕೊಳ್ತಾರೆ? ಬಿಪಿ ನೋಡುವ ಸಿಸ್ಟರೇ ಕೈಗೆ ಪಟ್ಟಿ ಸುತ್ತುತ್ತಾ ಎಲ್ಲರಿಗೂ ಎರಡು ಪ್ರಶ್ನೆ ಕೇಳ್ಲಿ: ಕಳೆದ 2 ವಾರದಲ್ಲಿ ಮನಸ್ಸು ತುಂಬ ಕುಗ್ಗಿತ್ತಾ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಿತ್ತಾ? ಖಿನ್ನತೆ ಉಂಟಾ ಅಂತ ನೋಡೋಕೆ ಡಾಕ್ಟ್ರುಗಳೂ ಶುರುವಲ್ಲಿ ಕೇಳೋದು ಇದನ್ನೇ. ಹೌದು ಅಂದವರಿಗೆ ಒಂದು ಚೀಟಿ, ಅದರಲ್ಲಿ 14416. ಇದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಫ್ರೀ, ನಡುರಾತ್ರಿ ಬೇಕಾದ್ರೂ ಕನ್ನಡದಲ್ಲೇ ಮಾತಾಡ್ಬಹುದು.

ನಂಗೆ ಗೊತ್ತಿರುವ ಒಂದು ಮನೆಯಲ್ಲಿ, ಉಡುಪಿಯಲ್ಲೇ ಡಾಕ್ಟರ್ ಇದ್ರೂ ಯಾರಾದ್ರೂ ನೋಡಿಯಾರು ಅಂತ ಮಗಳನ್ನು ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗ್ತಿದ್ರು, ಮಾತ್ರೆಯನ್ನೆಲ್ಲ ಸ್ಟ್ರಿಪ್ಪಿಂದ ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿ ಇಡ್ತಿದ್ರು, ಮತ್ತೆ ಸಂಬಂಧ ಕೂಡಿ ಬಂದಾಗ ಡಾಕ್ಟ್ರಿಗೂ ಹೇಳದೆ ಅದನ್ನೂ ನಿಲ್ಲಿಸಿಬಿಟ್ರು. ಕಾಯಿಲೆ ಮರುಕಳಿಸ್ತು, ಸಂಬಂಧವೂ ತಪ್ಪಿತು, ದೂರು ಬಂದದ್ದು ಮಾತ್ರ ಮಾತ್ರೆ ಮೇಲೆ!

ದೈವಕ್ಕೆ ಹೇಳ್ಕೊಳ್ಳೋದಕ್ಕೆ, ಜ್ಯೋತಿಷ್ಯದವರ ಹತ್ರ ಪ್ರಶ್ನೆ ಇಡೋದಕ್ಕೆ ನನ್ನ ವಿರೋಧ ಇಲ್ಲ, ನಮ್ಮ ಮನೆಯಲ್ಲೂ ಇಡ್ತಾರೆ. ಆದ್ರೆ ಖಿನ್ನತೆಯ ಮಾತ್ರೆ ಗುಣ ತೋರ್ಸೋಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಇದನ್ನು ಯಾರೂ ಬಿಡಿಸಿ ಹೇಳದ ಕಾರಣ ಜನ ನಾಲ್ಕೇ ದಿನಕ್ಕೆ "ಎಂತ ಗುಣ ಇಲ್ಲ" ಅಂತ ಬಿಟ್ಟುಬಿಡ್ತಾರೆ. ಪ್ರಶ್ನೆ ಇಡುವ ಜೋಯಿಸರೇ "ಮಾತ್ರೆ ನಿಲ್ಲಿಸ್ಬೇಡಿ" ಅಂತ ಒಂದು ಮಾತು ಸೇರಿಸಿದ್ರೆ ಜನ ಕೇಳ್ತಾರೆ, ಬ್ಯಾನರಿನ ಮಾತು ಕೇಳೋದಿಲ್ಲ. ಹಾಂ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬೇರೆ ಕಾಯಿಲೆಗೆ ಹೇಗೋ ಹಾಗೇ ಇದಕ್ಕೂ ಇನ್ಶೂರೆನ್ಸ್ ಕೊಡ್ಬೇಕು, ಇದೂ ಸುಮಾರು ಜನರಿಗೆ ಗೊತ್ತಿಲ್ಲ.

ಮನೋಚೈತನ್ಯ ಅಂತ ರಾಜ್ಯ ಸರ್ಕಾರದ್ದೇ ಕಾರ್ಯಕ್ರಮ ಉಂಟು, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಕ್ರಮ. ಎಲ್ಲಿಗೆ ಯಾವ ವಾರ ಬರ್ತಾರೆ ಅಂತ ಆರೋಗ್ಯ ಇಲಾಖೆಯವರು ಪಂಚಾಯತ್ ಬೋರ್ಡಲ್ಲಿ, ಹಾಲಿನ ಡೈರಿ ಗೋಡೆಯಲ್ಲಿ ಬರೆಸ್ಲಿ. ನೀವು ಸಹ "ಇಂದಿನ ಕಾರ್ಯಕ್ರಮ" ಕಾಲಮ್ಮಲ್ಲಿ ಯಕ್ಷಗಾನ, ನೇಮೋತ್ಸವದ ಜೊತೆ ಅದಕ್ಕೊಂದು ಸಾಲು ಜಾಗ ಕೊಡ್ತೀರಾ?

– ಒಬ್ಬ ಓದುಗ, ಕಾಪು