ಕಾರು ವಿಮೆ ನವೀಕರಣ: ಇನ್ನು ನಾಲ್ಕು ಕಂಪನಿಗಳ ದರ ಒಂದೇ ಹಾಳೆಯಲ್ಲಿ

ಮಾನ್ಯ ಸದಸ್ಯರೇ,

ನಮಸ್ಕಾರ.

ನಿಮ್ಮ ಕಾರಿನ ವಿಮೆ ಮುಗಿಯಲು ಒಂದು ವಾರ ಇದೆ ಎನ್ನುವಾಗ ನಮ್ಮ ಸಂಘದ ಬೆಂಗಳೂರು ಕಚೇರಿಯಿಂದ ನಿಮಗೊಂದು ಫೋನ್ ಬರುತ್ತಿತ್ತು. ‘ಈ ವರ್ಷ ಇಷ್ಟು ಸಾವಿರ ಆಗುತ್ತದೆ, ಕಟ್ಟಿಬಿಡೋಣವೇ?’ ಎಂದು ಕೇಳುತ್ತಿದ್ದೆವು. ನೀವು ಹೂಂ ಎನ್ನುತ್ತಿದ್ದಿರಿ. ಸಂಜೆಯೊಳಗೆ ಪಾಲಿಸಿ ನಿಮ್ಮ ಮೊಬೈಲಿಗೆ ಬರುತ್ತಿತ್ತು. ಈ ಪದ್ಧತಿಯನ್ನು ಈ ತಿಂಗಳಿಂದ ನಿಲ್ಲಿಸುತ್ತಿದ್ದೇವೆ.

ಇನ್ನು ಮುಂದೆ ಅವಧಿ ಮುಗಿಯುವ ಮೂವತ್ತು ದಿನ ಮೊದಲೇ ನಿಮಗೆ ಒಂದು ಹಾಳೆ ಕಳುಹಿಸುತ್ತೇವೆ. ಅದರಲ್ಲಿ ನಾಲ್ಕು ಕಂಪನಿಗಳ ದರ ಅಕ್ಕಪಕ್ಕದಲ್ಲಿ ಇರುತ್ತದೆ. ನಾಲ್ಕಕ್ಕೂ ಕಾರಿನ ವಿಮಾ ಮೌಲ್ಯ ಒಂದೇ, ಸೇರಿಸಿದ ರಕ್ಷಣೆಗಳೂ ಒಂದೇ. ಅದನ್ನು ಓದಿ, ಮನೆಯವರೊಂದಿಗೆ ಮಾತನಾಡಿ, ಯಾವುದು ಬೇಕೆಂದು ನೀವು ಹೇಳಿದ ಮೇಲೆಯೇ ನಾವು ಮುಂದಿನ ಕೆಲಸ ಮಾಡುತ್ತೇವೆ. ಬರಿಯ ಮೊತ್ತ ಹೇಳಿ ಫೋನಿನಲ್ಲಿ ಒಪ್ಪಿಗೆ ಪಡೆಯುವುದು ಇನ್ನಿಲ್ಲ.

ಇದಕ್ಕೆ ಕಾರಣವಾದ ಘಟನೆಯನ್ನು ಮುಚ್ಚಿಡದೆ ಹೇಳಬೇಕು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆ ನೆನಪಿರಬಹುದು. ಬೆಳ್ಳಂದೂರು, ಮಾರತ್ತಹಳ್ಳಿ, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಸಾಗಿಸಿದ ದಿನಗಳವು. ನಮ್ಮ ಸದಸ್ಯರೊಬ್ಬರು, ನಿವೃತ್ತ ಮೇಷ್ಟರು, ಆ ಭಾನುವಾರ ಮಗಳ ಮನೆಗೆ ಹೋಗಿದ್ದರು. ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿತ್ತು. ನೀರು ಇಳಿದ ಮೇಲೆ ಕಾರು ಕೆಟ್ಟಿದೆಯೋ ಇಲ್ಲವೋ ನೋಡೋಣ ಎಂದು ಕೀ ತಿರುಗಿಸಿದರು. ಎಂಜಿನ್ ಒಮ್ಮೆ ‘ಟಕ್’ ಎಂದು ಸ್ತಬ್ಧವಾಯಿತು. ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಏರ್ ಫಿಲ್ಟರ್ ತೆಗೆದು ಹಿಂಡಿದಾಗ ಕೆಂಪು ನೀರು ಸುರಿಯಿತು. ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಬಟ್ಟೆಯ ಮೇಲೆ ಒರೆಸಿ ತೋರಿಸಿದರು. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮೇಷ್ಟರು ಏನೂ ಮಾತನಾಡಲಿಲ್ಲ, ಆ ಬಟ್ಟೆಯನ್ನೇ ನೋಡುತ್ತ ನಿಂತರು.

ಅವರ ಬಳಿ ಸಮಗ್ರ ವಿಮೆ ಇತ್ತು. ಪ್ರವಾಹ ಅದರ ವ್ಯಾಪ್ತಿಯಲ್ಲೇ ಬರುತ್ತದೆ, ಹಾಗಾಗಿ ಕೆಸರು ತುಂಬಿದ ಸೀಟು, ನೆಲಹಾಸು, ವೈರಿಂಗ್ ಕೆಲಸಕ್ಕೆ ಹಣ ಬಂತು. ಎಂಜಿನ್ನಿಗೆ ಬರಲಿಲ್ಲ. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದ್ದರಿಂದ ಒಳಭಾಗ ಮುರಿದರೆ ಅದನ್ನು ಅಪಘಾತದ ನೇರ ಹಾನಿ ಎಂದು ಪರಿಗಣಿಸುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವರ್ ಬೇಕು. ನಾನು ಕಚೇರಿಗೆ ಮರಳಿ ಅವರ ಕಡತ ತೆಗೆದು ನೋಡಿದೆ. ಹಿಂದಿನ ವರ್ಷ ಕಂಪನಿ ಎರಡು ದರಗಳನ್ನು ಕಳುಹಿಸಿತ್ತು. ಒಂದರಲ್ಲಿ ಎಂಜಿನ್ ರಕ್ಷಣೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಡಿಮೆ ಮೊತ್ತದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ‘ಇದನ್ನೇ ಹೇಳಿ’ ಎಂದು ಬರೆದಿತ್ತು. ಅದು ನನ್ನದೇ ಬರಹ. ಮೇಷ್ಟರಿಗೆ ಇನ್ನೊಂದು ದರ ಇದೆ ಎನ್ನುವುದೇ ಗೊತ್ತಿರಲಿಲ್ಲ. ಹಣ ಉಳಿಸಿಕೊಡುತ್ತಿದ್ದೇನೆ ಎಂದೇ ನಾನು ನಂಬಿದ್ದೆ, ಆದರೆ ಅವರು ಮಾಡಬೇಕಾದ ಆಯ್ಕೆಯನ್ನು ಅವರನ್ನು ಕೇಳದೆ ನಾನು ಮಾಡಿದ್ದೆ. ಆ ತಪ್ಪು ಸಂಘದ್ದು. ಅದಕ್ಕಾಗಿ ಅವರಲ್ಲಿ ಆಗಲೇ ಕ್ಷಮೆ ಕೇಳಿದ್ದೇವೆ, ಈಗ ಎಲ್ಲ ಸದಸ್ಯರ ಮುಂದೆಯೂ ಕೇಳುತ್ತಿದ್ದೇವೆ.

ಅಂದು ನಮಗಿದ್ದದ್ದು ಒಂದೇ ಕಂಪನಿಯ ಒಪ್ಪಂದ. ಸಂಘವು ವಿಮಾ ನಿಯಂತ್ರಣ ಪ್ರಾಧಿಕಾರದಲ್ಲಿ ಕಾರ್ಪೊರೇಟ್ ಏಜೆಂಟ್, ಅಂದರೆ ವಿಮಾ ಕಂಪನಿಗಳ ಪಾಲಿಸಿ ಮಾಡಿಸಿಕೊಡುವ ಸಂಸ್ಥೆ, ಆಗಿ ನೋಂದಣಿ ಪಡೆದಿದೆ. ಇಂಥ ಏಜೆಂಟರು ಸಾಮಾನ್ಯ ವಿಮೆಯಲ್ಲಿ ಹೆಚ್ಚೆಂದರೆ ಮೂರು ಕಂಪನಿಗಳ ಜೊತೆ ಕೆಲಸ ಮಾಡಬಹುದು ಎಂದಿದ್ದ ಮಿತಿಯನ್ನು 2022ರ ಕೊನೆಯಲ್ಲಿ ಒಂಬತ್ತಕ್ಕೆ ಏರಿಸಲಾಯಿತು. ಆಡಳಿತ ಮಂಡಳಿಯ ಒಪ್ಪಿಗೆ, ಕಾಗದಪತ್ರ, ಸಿಬ್ಬಂದಿಯ ತರಬೇತಿ ಎಲ್ಲ ಮುಗಿದು ಈಗ ನಾಲ್ಕು ಕಂಪನಿಗಳ ಒಪ್ಪಂದ ಕೈಯಲ್ಲಿದೆ. ಇಷ್ಟು ತಡವಾಗಬಾರದಿತ್ತು.

ಹಾಳೆಯನ್ನು ಹೇಗೆ ಓದಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಸಾಲು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ. ಇದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ, ಏಕೆಂದರೆ ದರವನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಪಟ್ಟಿ ಬದಲಾದರೆ ಎಲ್ಲ ಕಂಪನಿಗಳಲ್ಲೂ ಒಟ್ಟಿಗೇ ಬದಲಾಗುತ್ತದೆ. ಇದರ ಮೇಲೆ ಯಾರಾದರೂ ‘ವಿಶೇಷ ರಿಯಾಯಿತಿ’ ಕೊಡುತ್ತೇವೆ ಎಂದರೆ ದಯವಿಟ್ಟು ಎಚ್ಚರವಾಗಿರಿ. ಒಂದು ಸಣ್ಣ ಅಂಶವನ್ನು ಮಾತ್ರ ಇಲ್ಲಿ ನೋಡಬೇಕು. ನಿಮ್ಮ ಕಾರಿನಿಂದ ಬೇರೆಯವರ ಆಸ್ತಿಗೆ ಆಗುವ ಹಾನಿಗೆ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಅದನ್ನು 6,000ಕ್ಕೆ ಇಳಿಸಿದರೆ ಪ್ರೀಮಿಯಂನಲ್ಲಿ ಸುಮಾರು ನೂರು ರೂಪಾಯಿ ಉಳಿಯುತ್ತದೆ. ನಿಮ್ಮ ಮುಂದೆ ನಿಂತ ಕಾರಿನ ಒಂದು ಹೆಡ್‌ಲೈಟಿನ ಬೆಲೆಯೇ ಆರು ಸಾವಿರವನ್ನು ದಾಟುವ ಊರಿನಲ್ಲಿ ಇದು ಉಳಿತಾಯವಲ್ಲ. ನಮ್ಮ ಹಾಳೆಯಲ್ಲಿ ಇದನ್ನು ಎಂದೂ ಇಳಿಸಿರುವುದಿಲ್ಲ.

ಎರಡನೆಯದು ಸ್ವಂತ ಹಾನಿಯ ಭಾಗ. ಕಂಪನಿಗಳ ನಡುವೆ ವ್ಯತ್ಯಾಸ ಬರುವುದೆಲ್ಲ ಇಲ್ಲಿಯೇ. 2007ರ ಜನವರಿಯಿಂದ ಈ ಭಾಗದ ದರ ಮುಕ್ತವಾಗಿದೆ. ಒಂದೇ ಕಾರಿಗೆ ಒಬ್ಬರು ಹನ್ನೊಂದು ಸಾವಿರ, ಇನ್ನೊಬ್ಬರು ಎಂಟು ಸಾವಿರ ಹೇಳುವುದು ಸಾಮಾನ್ಯ. ಮೂರು ಸಾವಿರ ಕಡಿಮೆ ಇದೆಯಲ್ಲ ಎಂದು ಹಿಗ್ಗುವ ಮೊದಲು ಐಡಿವಿ, ಅಂದರೆ ಕಾರಿನ ವಿಮಾ ಮೌಲ್ಯ, ಎಂಬ ಅಂಕಿಯನ್ನು ನೋಡಿ. ಕಾರು ಕಳುವಾದರೆ ಅಥವಾ ರಿಪೇರಿಯ ವೆಚ್ಚ ಐಡಿವಿಯ ಶೇ. 75ನ್ನು ದಾಟಿ ಪೂರ್ತಿ ನಷ್ಟ ಎಂದಾದರೆ ನಿಮಗೆ ಸಿಗುವ ಹಣಕ್ಕೆ ಅದೇ ಆಧಾರ. ಕಾರು ತಯಾರಕರ ಮಾರಾಟ ಬೆಲೆಯಿಂದ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಮೂರು ವರ್ಷದವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಐದು ವರ್ಷ ದಾಟಿದ ಮೇಲೆ ಎರಡೂ ಕಡೆಯವರು ಒಪ್ಪಿದ ಮೊತ್ತ.

ಎಂಟು ಲಕ್ಷದ ಕಾರು ನಾಲ್ಕನೆಯ ವರ್ಷದಲ್ಲಿದೆ ಎಂದುಕೊಳ್ಳಿ. ಪಟ್ಟಿಯ ಪ್ರಕಾರ ಅದರ ಐಡಿವಿ 4,80,000. ಒಂದು ಕಂಪನಿ ಇದನ್ನು 4,20,000ಕ್ಕೆ ಇಳಿಸಿ ದರ ಕಳುಹಿಸಿದರೆ ಪ್ರೀಮಿಯಂ ಸಹಜವಾಗಿಯೇ ಕಡಿಮೆ ಕಾಣುತ್ತದೆ. ಆದರೆ ಕಾರು ಕಳುವಾದ ದಿನ ನಿಮ್ಮ ಕೈಗೆ ಅರವತ್ತು ಸಾವಿರ ಕಡಿಮೆ ಬರುತ್ತದೆ. ಅಷ್ಟೇ ಅಲ್ಲ, ಮೊದಲಿನದರಲ್ಲಿ 3,60,000ದವರೆಗೆ ರಿಪೇರಿ ಮಾಡಿಸಬಹುದಾದ ಕಾರನ್ನು ಎರಡನೆಯದರಲ್ಲಿ 3,15,000 ದಾಟಿದೊಡನೆ ಪೂರ್ತಿ ನಷ್ಟ ಎಂದು ಬರೆದುಬಿಡುತ್ತಾರೆ. ಹೀಗಾಗಿ ನಾಲ್ಕೂ ಕಂಪನಿಗಳಿಗೆ ಒಂದೇ ಐಡಿವಿ ಕೊಟ್ಟು ದರ ಕೇಳುತ್ತೇವೆ. ಬೇರೆ ಬೇರೆ ಅಳತೆಯ ಸೇರಿನಲ್ಲಿ ಅಕ್ಕಿ ಅಳೆದು ಯಾವ ಅಂಗಡಿ ಅಗ್ಗ ಎಂದು ಹೇಳಲಾಗುವುದಿಲ್ಲ.

ಬೆಂಗಳೂರಿನ ಕುರಿತು ಹಲವರು ಕೇಳುವ ಪ್ರಶ್ನೆಯೊಂದಿದೆ: ‘ಕಾರನ್ನು ಮೈಸೂರಿನ ಅಥವಾ ಹಾಸನದ ವಿಳಾಸದಲ್ಲಿ ನೋಂದಣಿ ಮಾಡಿಸಿದ್ದರೆ ವಿಮೆ ಅಗ್ಗವಾಗುತ್ತಿತ್ತೇ?’ ಹಳೆಯ ದರಪಟ್ಟಿ ದೇಶವನ್ನು ಎರಡು ವಲಯ ಮಾಡಿತ್ತು. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಅಹಮದಾಬಾದ್, ಕೋಲ್ಕತ್ತ, ದೆಹಲಿ ಎ ವಲಯ, ಉಳಿದದ್ದೆಲ್ಲ ಬಿ ವಲಯ. ಐದು ವರ್ಷದೊಳಗಿನ 1000–1500 ಸಿಸಿ ಕಾರಿಗೆ ಎ ವಲಯದಲ್ಲಿ ಐಡಿವಿಯ ಶೇ. 3.283, ಬಿ ವಲಯದಲ್ಲಿ ಶೇ. 3.191. ಮೇಲಿನ 4,80,000ದ ಕಾರಿಗೆ ಲೆಕ್ಕ ಹಾಕಿದರೆ ರಿಯಾಯಿತಿಗಿಂತ ಮೊದಲಿನ ವ್ಯತ್ಯಾಸ 440 ರೂಪಾಯಿಯಷ್ಟು. ಇದಕ್ಕಾಗಿ ಸುಳ್ಳು ವಿಳಾಸ ಕೊಟ್ಟು ಕ್ಲೇಮ್ ಸಮಯದಲ್ಲಿ ತೊಂದರೆಗೆ ಸಿಲುಕುವುದು ಬೇಡ.

ಹೆಚ್ಚುವರಿ ರಕ್ಷಣೆಗಳ ಪೈಕಿ ಎರಡರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಎಂಜಿನ್ ರಕ್ಷಣೆ ಅದರಲ್ಲಿ ಒಂದು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು, ಅಂಡರ್‌ಪಾಸ್ ದಾಟಿ ಕೆಲಸಕ್ಕೆ ಹೋಗುವವರು ಇದನ್ನು ಬಿಡಬೇಡಿ. ಬೆಟ್ಟದ ಮೇಲಿನ ಬಡಾವಣೆಯಲ್ಲಿದ್ದು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕಾರು ತೆಗೆಯುವವರಿಗೆ ಇದು ಬೇಡದಿರಬಹುದು. ಕವರ್ ಇದ್ದರೂ ಇಲ್ಲದಿದ್ದರೂ, ನೀರಿನಲ್ಲಿ ನಿಂತ ಕಾರಿನ ಕೀಯನ್ನು ಮಾತ್ರ ತಿರುಗಿಸಬೇಡಿ. ಎಳೆದುಕೊಂಡು ಹೋಗುವ ವಾಹನ ಕರೆಸಿ.

ಇನ್ನೊಂದು, ಜನ ‘ಬಂಪರ್ ಟು ಬಂಪರ್’ ಎನ್ನುವ ಶೂನ್ಯ ಸವಕಳಿ ಕವರ್, ಅಂದರೆ ಬದಲಿಸಿದ ಭಾಗದ ಬೆಲೆಯಲ್ಲಿ ಸವಕಳಿ ಕಳೆಯದೆ ಹಣ ಕೊಡುವ ಕವರ್. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಮಾತ್ರ ಕೊಡುತ್ತಾರೆ. ಹನ್ನೆರಡು ಸಾವಿರದ ಬಂಪರ್ ಬದಲಿಸಿದರೆ ಆರು ಸಾವಿರವನ್ನು ನೀವೇ ಕೊಡಬೇಕು. ಅದರ ಮೇಲೆ ಪ್ರತಿ ಕ್ಲೇಮಿಗೂ ನೀವೇ ಭರಿಸಬೇಕಾದ ಕಡ್ಡಾಯ ಮೊತ್ತ 1500 ಸಿಸಿವರೆಗೆ ಒಂದು ಸಾವಿರ, ಅದಕ್ಕೆ ಮೇಲೆ ಎರಡು ಸಾವಿರ. ಹೊಸ ಕಾರುಗಳ ಹೊರಮೈಯಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು, ನಮ್ಮ ಸಿಗ್ನಲ್‌ಗಳಲ್ಲಿ ಪೆಟ್ಟು ಬೀಳುವುದೂ ಬಂಪರಿಗೇ. ಐದು ವರ್ಷದೊಳಗಿನ ಕಾರಿಗೆ ಇದು ಬೇಕು. ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಎಂಬ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ. ಹಾಳೆಯಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತೇವೆ.

ಸಣ್ಣ ಗೀರು, ಬಾಗಿಲಿನ ತಗ್ಗು ಇಂಥವಕ್ಕೆ ಕ್ಲೇಮ್ ಮಾಡುವ ಮೊದಲು ನಮಗೊಂದು ಫೋನ್ ಮಾಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ರಿಯಾಯಿತಿ ಶೇ. 20, 25, 35, 45, 50 ಹೀಗೆ ಏರುತ್ತದೆ, ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮೊದಲು ಒಂಬತ್ತು ಸಾವಿರ ಇರುವ, ಶೇ. 50ರ ಹಂತ ಮುಟ್ಟಲಿರುವ ಸದಸ್ಯರು ಆರು ಸಾವಿರದ ಕ್ಲೇಮ್ ಮಾಡಿದರೆ ಮುಂದಿನ ವರ್ಷವೇ 4,500 ಹೆಚ್ಚು ಕಟ್ಟಬೇಕು, ಅದರ ಮರುವರ್ಷ 2,700. ಪ್ರೀಮಿಯಂ ಹಾಗೆಯೇ ಉಳಿಯಿತು ಎಂದುಕೊಂಡು ಮತ್ತೆ 50ಕ್ಕೆ ಏರುವವರೆಗೆ ಕೂಡಿದರೆ 11,250 ರೂಪಾಯಿ ಆಗುತ್ತದೆ. ಪಾಲಿಸಿ ಮುಗಿದು 90 ದಿನ ಕಳೆದರೂ ಈ ರಿಯಾಯಿತಿ ಹೋಗುತ್ತದೆ. ಎನ್‌ಸಿಬಿ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಹಳೆಯ ಕಾರು ಮಾರಿ ಹೊಸದು ಕೊಳ್ಳುವಾಗ ಈ ರಿಯಾಯಿತಿಯ ಪತ್ರ ಪಡೆದುಕೊಳ್ಳುವುದನ್ನು ಮರೆಯಬೇಡಿ.

ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷಕ್ಕೆ ಕಡ್ಡಾಯ. ನಿಮ್ಮ ಇನ್ನೊಂದು ವಾಹನದ ಪಾಲಿಸಿಯಲ್ಲೋ ಪ್ರತ್ಯೇಕ ಪಾಲಿಸಿಯಲ್ಲೋ ಅಷ್ಟು ಮೊತ್ತ ಈಗಾಗಲೇ ಇದ್ದರೆ ಎರಡನೆಯ ಬಾರಿ ಕಟ್ಟಬೇಕಿಲ್ಲ. ಮನೆಯಲ್ಲಿ ಸ್ಕೂಟರ್, ಕಾರು ಎರಡೂ ಒಬ್ಬರ ಹೆಸರಿನಲ್ಲಿರುವ ಎಷ್ಟೋ ಸದಸ್ಯರು ಎರಡೆರಡು ಸಲ ಕಟ್ಟುತ್ತಿದ್ದುದನ್ನು ಕಡತಗಳಲ್ಲಿ ನೋಡಿದೆವು. ಈ ವರ್ಷದಿಂದ ಅದನ್ನು ಕೇಳಿಯೇ ಹಾಕುತ್ತೇವೆ.

ಹಾಳೆಯ ಕೊನೆಯ ಸಾಲಿನಲ್ಲಿ ಆಯಾ ಪಾಲಿಸಿಯಿಂದ ಸಂಘಕ್ಕೆ ಸಿಗುವ ಕಮಿಷನ್ ಎಷ್ಟೆಂದು ಬರೆದಿರುತ್ತೇವೆ. ಗ್ರಾಹಕರು ಕೇಳಿದರೆ ಹೇಳಬೇಕು ಎನ್ನುವುದು ನಿಯಮ. ನೀವು ಕೇಳುವವರೆಗೆ ನಾವು ಕಾಯುವುದಿಲ್ಲ. ಯಾವ ಕಂಪನಿಯ ಮೇಲೆ ನಮಗೆ ಹೆಚ್ಚು ಲಾಭ ಎಂಬುದು ಗೊತ್ತಿದ್ದರೆ ನಮ್ಮ ಸಲಹೆಯನ್ನು ಎಷ್ಟು ನಂಬಬೇಕೆಂದು ನೀವೇ ತೂಗಿ ನೋಡಬಹುದು. ಕಮಿಷನ್ನಿನಲ್ಲಿ ಒಂದು ಪಾಲನ್ನು ನಮಗೆ ಬಿಟ್ಟುಕೊಡಿ ಎಂದು ಕೆಲವರು ಪ್ರೀತಿಯಿಂದ ಕೇಳುತ್ತೀರಿ. ವಿಮಾ ಕಾಯ್ದೆಯ 41ನೆಯ ಸೆಕ್ಷನ್ ಅದನ್ನು ನಿಷೇಧಿಸಿದೆ, ಆದ್ದರಿಂದ ಕೊಡಲಾಗುವುದಿಲ್ಲ.

ನಾಲ್ಕು ಕಂಪನಿಗಳೆಂದರೆ ಮಾರುಕಟ್ಟೆ ಪೂರ್ತಿ ಅಲ್ಲ. ಷೋರೂಮಿನವರು ಕೊಟ್ಟ ದರ, ಮೊಬೈಲಿನಲ್ಲಿ ನೀವೇ ಹುಡುಕಿದ ದರ ಇದ್ದರೆ ತನ್ನಿ. ಅದೇ ಹಾಳೆಯಲ್ಲಿ ಐದನೆಯ ದರವಾಗಿ ಸೇರಿಸಿ, ಐಡಿವಿ ಮತ್ತು ಕವರ್‌ಗಳನ್ನು ಸರಿಸಮ ಮಾಡಿ ತೋರಿಸುತ್ತೇವೆ. ಅದೇ ನಿಮಗೆ ಒಳ್ಳೆಯದಾಗಿದ್ದರೆ ಅಲ್ಲಿಯೇ ತೆಗೆದುಕೊಳ್ಳಿ. ನೀವು ಹತ್ತು ವರ್ಷದಿಂದ ಹೋಗುವ ಗ್ಯಾರೇಜ್ ಆ ಕಂಪನಿಯ ನಗದುರಹಿತ ಪಟ್ಟಿಯಲ್ಲಿ (ಕಂಪನಿಯೇ ನೇರವಾಗಿ ಹಣ ಕಟ್ಟುವ ಗ್ಯಾರೇಜುಗಳ ಪಟ್ಟಿಯಲ್ಲಿ) ಇದೆಯೇ ಎಂಬುದನ್ನೂ ನೋಡಿಕೊಡುತ್ತೇವೆ. ಕೆಂಗೇರಿಯಲ್ಲಿರುವವರಿಗೆ ಕೆ.ಆರ್. ಪುರದ ಗ್ಯಾರೇಜ್ ಇದ್ದು ಪ್ರಯೋಜನವಿಲ್ಲ.

ಈ ಬದಲಾವಣೆಯಿಂದ ಒಂದು ಅನಾನುಕೂಲ ಉಂಟು. ಹಾಳೆ ಸಿದ್ಧವಾಗಲು ಎರಡು ಕೆಲಸದ ದಿನ ಬೇಕು, ಹಾಗಾಗಿ ಕೊನೆಯ ದಿನ ಸಂಜೆ ಫೋನ್ ಮಾಡಿದರೆ ಹೋಲಿಕೆ ಮಾಡಿಕೊಡಲು ಆಗುವುದಿಲ್ಲ. ಹಣ ಕಂಪನಿಗೆ ತಲುಪದೆ ರಕ್ಷಣೆ ಆರಂಭವಾಗುವುದಿಲ್ಲ. ಒಂದು ದಿನ ತಪ್ಪಿದರೂ ಕಾರಿನ ಪರಿಶೀಲನೆ ಮತ್ತೆ ಆಗಬೇಕು. ವಿಮೆ ಇಲ್ಲದೆ ರಸ್ತೆಗೆ ಇಳಿದರೆ ಮೊದಲ ಸಲಕ್ಕೇ ಎರಡು ಸಾವಿರ ದಂಡ. ದಂಡಕ್ಕಿಂತಲೂ ಆ ಒಂದು ದಿನ ಯಾರಿಗಾದರೂ ಪೆಟ್ಟಾದರೆ ಎಂಬ ಭಯ ನನಗೆ ಹೆಚ್ಚು.

ಹಿರಿಯ ಸದಸ್ಯರಿಗೆ, ಮೊಬೈಲಿನಲ್ಲಿ ಓದಲು ಕಷ್ಟವಾಗುವವರಿಗೆ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮನೆಗೆ ತಲುಪಿಸುತ್ತೇವೆ. ಚೆಕ್ ಮೂಲಕ ಕಟ್ಟುವುದು ಮೊದಲಿನಂತೆಯೇ ಮುಂದುವರಿಯುತ್ತದೆ. ಈ ಸೇವೆಗೆ ಶುಲ್ಕವಿಲ್ಲ.

ಮೊದಲ ಹಾಳೆಯನ್ನು ಕಳೆದ ವಾರ ಮೇಷ್ಟರಿಗೇ ಕಳುಹಿಸಿದೆವು. ಅವರು ಎರಡನೆಯ ಕಂಪನಿಯನ್ನು ಆರಿಸಿ, ಎಂಜಿನ್ ರಕ್ಷಣೆಯ ಸಾಲಿನ ಕೆಳಗೆ ತಾವೇ ಗೆರೆ ಎಳೆದು ಸಹಿ ಹಾಕಿ ಕಳುಹಿಸಿದ್ದಾರೆ.

ನಿಮ್ಮ ಆರ್‌ಸಿ ಮತ್ತು ಈಗಿನ ಪಾಲಿಸಿಯ ಪ್ರತಿ ನಮ್ಮಲ್ಲಿ ಇಲ್ಲದಿದ್ದರೆ ಈ ತಿಂಗಳೊಳಗೆ ಕಚೇರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)